ಮ್ಯಾಕ್‌ಬೆತ್‌ನಲ್ಲಿ ತೋರಿಕೆ ಮತ್ತು ವಾಸ್ತವ: ಪ್ರಬಂಧ ಬರೆಯಲು ಸಮಗ್ರ ಮಾರ್ಗದರ್ಶಿ

‘ಮ್ಯಾಕ್‌ಬೆತ್ ನಾಟಕದಲ್ಲಿ ತೋರಿಕೆಗೂ ವಾಸ್ತವಕ್ಕೂ ಇರುವ ಅಂತರವನ್ನು ಚರ್ಚಿಸಿ.’ (ಷೇಕ್ಸ್‌ಪಿಯರ್‌ನ ಈ ದುರಂತ ನಾಟಕದಲ್ಲಿ ಸ್ಕಾಟ್ಲೆಂಡಿನ ಸೇನಾಪತಿ ಮ್ಯಾಕ್‌ಬೆತ್, ಮಾಟಗಾತಿಯರ ಭವಿಷ್ಯವಾಣಿ ಕೇಳಿ, ಹೆಂಡತಿಯ ಒತ್ತಾಯಕ್ಕೆ ಮಣಿದು ದೊರೆ ಡಂಕನ್‌ನನ್ನು ಕೊಂದು ಪಟ್ಟಕ್ಕೇರುತ್ತಾನೆ.) ಈ ಪ್ರಶ್ನೆಗೆ ಬರುವ ಉತ್ತರಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂದು ಆರಂಭ. ಆಮೇಲೆ ಮಾಟಗಾತಿಯರ ‘ಚೆಂದವೇ ಹೊಲಸು, ಹೊಲಸೇ ಚೆಂದ’. ಆಮೇಲೆ ಹೂವು, ಅದರಡಿಯ ಹಾವು. ನಡುವೆ ಎರಡು ಪುಟ ಕಥೆ. ಕೊನೆಗೆ ‘ಹೀಗೆ ತೋರಿಕೆ ಎಲ್ಲರನ್ನೂ ಮೋಸಗೊಳಿಸುತ್ತದೆ’ ಎಂಬ ಸಾಲು.

ಬರೆದವರು ನಾಟಕ ಓದಿದ್ದಾರೆ, ಶ್ರಮಪಟ್ಟಿದ್ದಾರೆ. ಆದರೂ ಉತ್ತರದಲ್ಲಿ ವಾದವೇ ಹುಟ್ಟಿಲ್ಲ. ತಪ್ಪು ಭಾಷೆಯದಲ್ಲ, ಕೆಲಸದ ಕ್ರಮದ್ದು. ಮೊದಲೇ ಉಲ್ಲೇಖಗಳನ್ನು ಹುಡುಕಿ, ಆಮೇಲೆ ಅವನ್ನು ಪೋಣಿಸಲು ದಾರ ಹುಡುಕುತ್ತಾರೆ. ಇಲ್ಲಿ ಹೇಳುವ ಕ್ರಮ ಅದಕ್ಕೆ ತಿರುಗುಮುರುಗು: ಮೊದಲು ದೃಶ್ಯ, ಆಮೇಲೆ ಯಾರಿಗೆ ಏನು ಗೊತ್ತು ಎಂಬ ಲೆಕ್ಕ, ಆಮೇಲೆ ವಂಚನೆಯ ಬಗೆ, ಆಮೇಲೆ ವಾದ. ಉಲ್ಲೇಖ ಬರುವುದು ಇಷ್ಟೆಲ್ಲ ಆದ ಮೇಲೆ.

ಶುರುಮಾಡುವ ಮುನ್ನ ಬೇಕಾದವು

ಅಂಕ, ದೃಶ್ಯ, ಸಾಲುಗಳ ಸಂಖ್ಯೆ ಹಾಕಿರುವ ಪೂರ್ಣ ಪಠ್ಯ ಬೇಕು. ಸಾರಾಂಶದ ಪುಸ್ತಕ ಸಾಲದು. ಯಾರು ಯಾವಾಗ ರಂಗಕ್ಕೆ ಬಂದರು ಎಂಬುದು ಅದರಲ್ಲಿ ಮಾಯವಾಗಿರುತ್ತದೆ, ಈ ಪ್ರಶ್ನೆಗೆ ಬೇಕಾದದ್ದು ಅದೇ. ಅನುವಾದದಲ್ಲಿ ಓದುವವರು ಮೂಲವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಒಂದು ನೋಟ್‌ಪುಸ್ತಕ, ಎರಡು ಬಣ್ಣದ ಪೆನ್ನು ಸಾಕು. ಸಾಲುಗಳ ಸಂಖ್ಯೆ ಒಂದು ಮುದ್ರಣದಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಹಾಗಾಗಿ ಅಂಕ ಮತ್ತು ದೃಶ್ಯವನ್ನು ತಪ್ಪದೆ ಗುರುತು ಹಾಕಿಕೊಳ್ಳಿ.

ಹಂತ 1: ಪೆನ್ನು ಮುಟ್ಟದೆ ಒಮ್ಮೆ ಓದಿ

ಷೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲೇ ತೀರ ಚಿಕ್ಕದಿದು. ಒಂದೆರಡು ಸಲ ಕೂತರೆ ಮುಗಿಯುತ್ತದೆ. ಮೊದಲ ಓದಿನಲ್ಲೇ ಅಡಿಗೆರೆ ಎಳೆಯಲು ಹೋದರೆ ಹೆಸರುವಾಸಿ ಸಾಲುಗಳಿಗೆ ಮಾತ್ರ ಗೆರೆ ಬೀಳುತ್ತದೆ, ಉಳಿದದ್ದು ಕಣ್ಣಿಗೇ ಬೀಳುವುದಿಲ್ಲ.

ಹಂತ 2: ಯಾರಿಗೆ ಏನು ಗೊತ್ತು ಎಂದು ಪಟ್ಟಿ ಮಾಡಿ

ಎರಡನೇ ಓದಿನಲ್ಲಿ ಪುಟವನ್ನು ನಾಲ್ಕು ಕಾಲಂ ಮಾಡಿ: ಏನು ಕಾಣುತ್ತಿದೆ, ಏನು ನಿಜ, ರಂಗದ ಮೇಲಿರುವವರಲ್ಲಿ ನಿಜ ಯಾರಿಗೆ ಗೊತ್ತು, ಪ್ರೇಕ್ಷಕರಿಗೆ ಗೊತ್ತೆ. ಇಡೀ ಪ್ರಬಂಧ ನಿಲ್ಲುವುದು ಈ ನಾಲ್ಕನೇ ಕಾಲಮಿನ ಮೇಲೆ. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ.

ಅಂಕ 1, ದೃಶ್ಯ 4ನ್ನೇ ತೆಗೆದುಕೊಳ್ಳಿ. ಕಾಡರ್‌ನ ಥೇನ್ (ಸಾಮಂತ) ರಾಜದ್ರೋಹಕ್ಕಾಗಿ ತಲೆ ಕೊಟ್ಟಿದ್ದಾನೆ. ದೊರೆ ಡಂಕನ್ ನೊಂದು ನುಡಿಯುತ್ತಾನೆ: ಮುಖ ನೋಡಿ ಮನಸ್ಸು ಹೇಗೆ ಕಟ್ಟಲ್ಪಟ್ಟಿದೆ ಎಂದು ತಿಳಿಯುವ ವಿದ್ಯೆ ಇಲ್ಲ, ಅವನ ಮೇಲೆ ನಾನು ಪೂರ್ತಿ ನಂಬಿಕೆ ಇಟ್ಟಿದ್ದೆ. ಆ ಮಾತು ಬಾಯಿಂದ ಬಿದ್ದ ಗಳಿಗೆಗೆ ಸರಿಯಾಗಿ ಮ್ಯಾಕ್‌ಬೆತ್ ಒಳಬರುತ್ತಾನೆ. ಡಂಕನ್ ‘ಮಹಾಯೋಗ್ಯ ಸೋದರಬಂಧು’ ಎಂದು ಅವನನ್ನು ಎದುರುಗೊಳ್ಳುತ್ತಾನೆ. ಕಾಡರ್‌ನ ಪದವಿ ಈಗ ಇವನದು. ಹಿಂದಿನ ದೃಶ್ಯದಲ್ಲೇ ಇವನ ಮನಸ್ಸಿನಲ್ಲಿ ಕೂದಲು ನಿಮಿರಿಸುವ ಒಂದು ಚಿತ್ರ ಸುಳಿದದ್ದನ್ನು ನಾವು ಅವನ ಸ್ವಗತದಲ್ಲಿ ಕೇಳಿದ್ದೇವೆ. ಡಂಕನ್‌ಗೆ ಅದು ಗೊತ್ತಿಲ್ಲ.

ಇದನ್ನು ಪಟ್ಟಿಗೆ ಇಳಿಸಿ. ಕಾಣುವುದು: ಗೆದ್ದು ಬಂದ ನಿಷ್ಠಾವಂತ. ನಿಜ: ಕೊಲೆಯ ಯೋಚನೆ ಮೊಳೆತ ಮನಸ್ಸು. ರಂಗದ ಮೇಲೆ ಗೊತ್ತಿರುವುದು: ಮ್ಯಾಕ್‌ಬೆತ್‌ಗೆ ಮಾತ್ರ. ಪ್ರೇಕ್ಷಕರಿಗೆ: ಗೊತ್ತು. ಡಂಕನ್‌ನ ಮಾತು ಬರಿಯ ನೀತಿವಾಕ್ಯವಾಗಿ ಉಳಿಯದೆ ನಮ್ಮ ಎದೆಗೆ ನಾಟುವುದು ಈ ಜೋಡಣೆಯಿಂದ. ಪಾಠ ಕಲಿತೆ ಎಂದು ಹೇಳುತ್ತಿರುವವನು ಅದೇ ಉಸಿರಿನಲ್ಲಿ ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದಾನೆ. ಉಲ್ಲೇಖ ಮಾತ್ರ ಎತ್ತಿ ಬರೆದು, ಆ ಪ್ರವೇಶದ ಕ್ಷಣವನ್ನು ಬಿಟ್ಟರೆ ಸಾಕ್ಷ್ಯದ ಮುಕ್ಕಾಲು ಪಾಲು ಕೈಬಿಟ್ಟಂತೆ.

ಪಟ್ಟಿಯಲ್ಲಿ ಇರಲೇಬೇಕಾದ ದೃಶ್ಯಗಳು ಇವು (1.2 ಎಂದರೆ ಅಂಕ 1, ದೃಶ್ಯ 2): 1.2, 1.3, 1.4, 1.5, 1.6, 1.7, 2.1, 2.2, 2.3, 3.1, 3.4, 4.1, 4.3, 5.1, 5.4ರಿಂದ 5.8ರವರೆಗೆ. 1.6 ಚಿಕ್ಕ ದೃಶ್ಯ, ಆದರೂ ಬಿಡಬೇಡಿ. ಡಂಕನ್ ಸಾಯಲಿರುವ ಕೋಟೆಯ ಗಾಳಿಯನ್ನು ಅವನೇ ಹೊಗಳುವುದೂ, ಗೂಡು ಕಟ್ಟಿದ ಹಕ್ಕಿಗಳನ್ನು ಮ್ಯಾಕ್‌ಬೆತ್‌ನ ಜತೆಗಾರ ಸೇನಾಪತಿ ಬ್ಯಾಂಕೋ ಮೆಚ್ಚಿ ತೋರಿಸುವುದೂ ಅಲ್ಲಿಯೇ. ಅಲ್ಲಿ ಹಕ್ಕಿಯೂ ಸುಳ್ಳಲ್ಲ, ಗಾಳಿಯೂ ಸುಳ್ಳಲ್ಲ; ಅವರು ತೆಗೆದ ತೀರ್ಮಾನ ತಪ್ಪು.

ಎಚ್ಚರಿಕೆಯ ಗುರುತು: ಪಟ್ಟಿ ತುಂಬಿದ ಮೇಲೂ ಮೂರನೇ ಕಾಲಮಿನಲ್ಲಿ ‘ಯಾರಿಗೂ ಗೊತ್ತಿಲ್ಲ’ ಎಂದೇ ಹೆಚ್ಚು ಕಡೆ ಬಂದಿದ್ದರೆ ಸ್ವಗತಗಳನ್ನು ಸರಿಯಾಗಿ ಓದಿಲ್ಲ ಎಂದರ್ಥ. ಹಿಂದಿರುಗಿ ಓದಿ.

ಹಂತ 3: ವಂಚನೆಯ ಬಗೆಗಳನ್ನು ಬೇರೆಮಾಡಿ

ಹೂವಿನ ಕೆಳಗಿನ ಹಾವು, ಗಾಳಿಯಲ್ಲಿ ತೇಲುವ ಕಠಾರಿ, ಮಾಟಗಾತಿಯರ ಭವಿಷ್ಯವಾಣಿ, ಇವೆಲ್ಲವನ್ನೂ ‘ಮೋಸ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಪ್ರಬಂಧ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯ ಪ್ರತಿ ಸಾಲಿನ ಮುಂದೆ ಬಗೆಯನ್ನು ಬರೆಯಿರಿ.

ಒಂದು, ಮುಖವಾಡ. ಬೇಕೆಂದೇ ತೊಟ್ಟದ್ದು. ‘ಮುಗ್ಧ ಹೂವಿನಂತೆ ಕಾಣು, ಅದರಡಿಯ ಹಾವಾಗಿರು’ ಎಂದು ಲೇಡಿ ಮ್ಯಾಕ್‌ಬೆತ್ ಗಂಡನಿಗೆ ಕಲಿಸುವುದು (1.5), ಸುಳ್ಳು ಹೃದಯ ಬಲ್ಲದ್ದನ್ನು ಸುಳ್ಳು ಮುಖ ಮುಚ್ಚಬೇಕು ಎಂದು ಅವನು ಒಪ್ಪುವುದು (1.7), ನಿದ್ದೆಯಲ್ಲಿದ್ದ ಕಾವಲುಗಾರರಿಗೆ ರಕ್ತ ಬಳಿಯುವುದು (2.2), ಅಂದೇ ಕೊಲ್ಲಿಸಲಿರುವ ಬ್ಯಾಂಕೋನಿಗೆ ‘ಔತಣಕ್ಕೆ ತಪ್ಪಬೇಡ’ ಎನ್ನುವುದು (3.1).

ಎರಡು, ಇಬ್ಬಗೆಯ ಮಾತು. ಅತಿ ಹೆಚ್ಚು ಜನ ಜಾರುವುದು ಇಲ್ಲೇ. ‘ಮಾಟಗಾತಿಯರು ಸುಳ್ಳು ಹೇಳಿ ಮ್ಯಾಕ್‌ಬೆತ್‌ನನ್ನು ಮೋಸಮಾಡಿದರು’ ಎಂಬ ವಾಕ್ಯ ನಿಮ್ಮ ಕರಡಿನಲ್ಲಿದ್ದರೆ ಈಗಲೇ ಹೊಡೆದುಹಾಕಿ. ಅವರು ಮ್ಯಾಕ್‌ಬೆತ್‌ಗೆ ಹೇಳಿದ ಭವಿಷ್ಯ ಒಂದೂ ಹುಸಿಯಾಗುವುದಿಲ್ಲ. ಅವನು ಕಾಡರ್ ಆಗುತ್ತಾನೆ, ದೊರೆಯೂ ಆಗುತ್ತಾನೆ. ಮ್ಯಾಕ್‌ಡಫ್‌ನ ಬಗ್ಗೆ (ಫೈಫ್‌ನ ಥೇನ್) ಎಚ್ಚರ ಎಂದು 4.1ರಲ್ಲಿ ಮಾಟಗಾತಿಯರು ಎಬ್ಬಿಸಿದ ಮೊದಲ ಆಕೃತಿ ನೇರವಾಗಿಯೇ ಹೇಳುತ್ತದೆ, ಕೊನೆಗೆ ಮ್ಯಾಕ್‌ಬೆತ್‌ನನ್ನು ಕೊಲ್ಲುವವನು ಮ್ಯಾಕ್‌ಡಫ್‌ನೇ. ಹೆಣ್ಣಿಗೆ ಹುಟ್ಟಿದವನಿಂದ ಅಪಾಯವಿಲ್ಲ ಎಂಬ ಮಾತೂ ನಿಲ್ಲುತ್ತದೆ, ಯಾಕೆಂದರೆ ಮ್ಯಾಕ್‌ಡಫ್‌ನನ್ನು ದಿನ ತುಂಬುವ ಮೊದಲೇ ತಾಯ ಗರ್ಭ ಸೀಳಿ ತೆಗೆದದ್ದು. ಬರ್ನಮ್ ವನ ಡನ್ಸಿನೇನ್ ಬೆಟ್ಟಕ್ಕೆ ಬರುವವರೆಗೂ ಅವನಿಗೆ ಸೋಲಿಲ್ಲ ಎಂಬ ಮಾತೂ ಅಷ್ಟೇ, ಆ ವನ ಸೈನಿಕರ ಕೈಯ ಕೊಂಬೆಗಳಾಗಿ ಬಂದೇ ಬರುತ್ತದೆ. ಇಲ್ಲಿ ವಂಚನೆ ನಡೆಯುವುದು ಸತ್ಯದಿಂದಲೇ. ‘ಕತ್ತಲೆಯ ಕೈಯಾಳುಗಳು ಸಣ್ಣಪುಟ್ಟ ಸತ್ಯ ಹೇಳಿ ಒಲಿಸಿಕೊಂಡು, ದೊಡ್ಡ ವಿಷಯದಲ್ಲಿ ಕೈಕೊಡುತ್ತಾರೆ’ ಎಂಬ ಅರ್ಥದಲ್ಲಿ ಬ್ಯಾಂಕೋ 1.3ರಲ್ಲೇ ಎಚ್ಚರಿಸಿದ್ದಾನೆ. ಅದನ್ನು ಕೇಳಿಸಿಕೊಂಡೂ ಮ್ಯಾಕ್‌ಬೆತ್ ಕೇಳಿಸಿಕೊಳ್ಳುವುದಿಲ್ಲ.

ಇನ್ನೊಂದು ವಿವರ ಗಮನಿಸಿ. ಕಾಡರ್ ಪದವಿಯನ್ನು ಮ್ಯಾಕ್‌ಬೆತ್‌ಗೆ ಕೊಡಿ ಎಂದು ಡಂಕನ್ 1.2ರಲ್ಲೇ ಅಪ್ಪಣೆ ಮಾಡಿರುತ್ತಾನೆ. ಮಾಟಗಾತಿಯರು ಆ ಹೆಸರಿನಿಂದ ಅವನನ್ನು ಕರೆಯುವುದು 1.3ರಲ್ಲಿ. ಅವನ ಕಿವಿಗೆ ಅದು ಭವಿಷ್ಯವಾಣಿ, ನಮಗೆ ಆಗಲೇ ಕೇಳಿ ಮುಗಿದ ಸುದ್ದಿ. ದೃಶ್ಯಗಳನ್ನು ಈ ಕ್ರಮದಲ್ಲಿ ಇಟ್ಟದ್ದರಿಂದಲೇ ಪ್ರೇಕ್ಷಕರಿಗೂ ಮ್ಯಾಕ್‌ಬೆತ್‌ಗೂ ನಡುವೆ ಅಂತರ ಮೊದಲಿನಿಂದಲೇ ಬೀಳುತ್ತದೆ.

ಮೂರು, ಮನಸ್ಸು ತಾನೇ ಹುಟ್ಟಿಸಿಕೊಂಡ ನೋಟ. 2.1ರ ಕಠಾರಿಯನ್ನೂ 3.4ರ ಬ್ಯಾಂಕೋನ ಪ್ರೇತವನ್ನೂ ‘ಎರಡೂ ಭ್ರಮೆ’ ಎಂದು ಒಟ್ಟಿಗೆ ಮುಗಿಸುವುದು ವಾಡಿಕೆ. ಪಠ್ಯ ಹಾಗೆ ಹೇಳುವುದಿಲ್ಲ. ಕಠಾರಿಯನ್ನು ಮ್ಯಾಕ್‌ಬೆತ್ ಹಿಡಿಯಲು ಹೋಗುತ್ತಾನೆ, ಕೈಗೆ ಸಿಗುವುದಿಲ್ಲ, ಕಾವೇರಿದ ಮಿದುಳು ಸೃಷ್ಟಿಸಿದ್ದಿರಬೇಕು ಎಂದು ತಾನೇ ಅನುಮಾನಿಸುತ್ತಾನೆ. ಅದಕ್ಕೆ ರಂಗಸೂಚನೆ ಇಲ್ಲ. ಪ್ರೇತಕ್ಕೆ ಇದೆ: ಈ ನಾಟಕ ಮೊದಲು ಅಚ್ಚಾದ 1623ರ ಫೋಲಿಯೊದಲ್ಲೇ (ಷೇಕ್ಸ್‌ಪಿಯರ್‌ನ ನಾಟಕಗಳ ಮೊದಲ ಸಂಗ್ರಹ) ಬ್ಯಾಂಕೋನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ ಎಂದು ಬರೆದಿದೆ. ಅಂದರೆ ಕಠಾರಿಯ ವಿಷಯದಲ್ಲಿ ನಾವು ಅವನ ಮಾತನ್ನು ಮಾತ್ರ ಕೇಳುತ್ತೇವೆ, ಪ್ರೇತದ ವಿಷಯದಲ್ಲಿ ಅವನ ಜತೆ ನಾವೂ ನೋಡುತ್ತೇವೆ, ಊಟಕ್ಕೆ ಕೂತ ಅತಿಥಿಗಳು ನೋಡುವುದಿಲ್ಲ. ಕೆಲವು ನಿರ್ದೇಶಕರು ಖಾಲಿ ಪೀಠವನ್ನಷ್ಟೇ ಇಟ್ಟು ಆಡಿಸುತ್ತಾರೆ. ಆಗ ಪ್ರೇಕ್ಷಕರು ಅತಿಥಿಗಳ ಸಾಲಿಗೆ ಸೇರುತ್ತಾರೆ. ವಾಸ್ತವ ಯಾರ ಪಾಲಿಗೆ ಎಂಬ ಪ್ರಶ್ನೆ ಇಲ್ಲಿ ತಲೆಯೆತ್ತುತ್ತದೆ. ಪ್ರಬಂಧದಲ್ಲಿ ಇದಕ್ಕೊಂದು ಪ್ಯಾರಾ ಮೀಸಲಿಡಿ.

ನಾಲ್ಕು, ಒಳ್ಳೆಯವರು ಹೂಡಿದ ತೋರಿಕೆ. ಇದನ್ನು ಮರೆತ ಉತ್ತರಗಳೇ ಹೆಚ್ಚು. 4.3ರಲ್ಲಿ ಡಂಕನ್‌ನ ಹಿರಿಯ ಮಗ ಮಾಲ್ಕಮ್, ಮ್ಯಾಕ್‌ಡಫ್‌ನ ನಿಷ್ಠೆಯನ್ನು ಪರೀಕ್ಷಿಸಲು, ತಾನು ಕಾಮುಕ, ದುರಾಸೆಯವ, ದೊರೆಗೆ ಬೇಕಾದ ಒಂದು ಗುಣವೂ ಇಲ್ಲದವ ಎಂದು ತನ್ನ ಮೇಲೆ ತಾನೇ ಮಸಿ ಬಳಿದುಕೊಳ್ಳುತ್ತಾನೆ. ಮ್ಯಾಕ್‌ಡಫ್ ಮೊದಲೆರಡನ್ನು ಹೇಗೋ ಸಹಿಸುತ್ತಾನೆ, ಮೂರನೆಯದಕ್ಕೆ ‘ಓ ಸ್ಕಾಟ್ಲೆಂಡ್!’ ಎಂದು ಕೂಗಿ, ನೀನು ಆಳಲು ಇರಲಿ, ಬದುಕಲೂ ಯೋಗ್ಯನಲ್ಲ ಎನ್ನುತ್ತಾನೆ. ಆಗ ಮಾಲ್ಕಮ್ ಹೇಳಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮುಖ ನೋಡಿ ಮನಸ್ಸು ತಿಳಿಯುವ ವಿದ್ಯೆ ಅಪ್ಪನಿಗೆ ಇರಲಿಲ್ಲ. ಮಗ ಒಂದು ಉಪಾಯ ಕಂಡುಕೊಂಡಿದ್ದಾನೆ, ಆದರೆ ಅದೂ ಸುಳ್ಳಿನ ಉಪಾಯವೇ. 5.4ರಲ್ಲಿ ಪ್ರತಿಯೊಬ್ಬ ಸೈನಿಕನೂ ಒಂದೊಂದು ಕೊಂಬೆ ಕಡಿದು ಮುಂದೆ ಹಿಡಿಯಲಿ, ನಮ್ಮ ಸಂಖ್ಯೆ ತಿಳಿಯದಿರಲಿ ಎಂದು ಅಪ್ಪಣೆ ಕೊಡುವವನೂ ಅವನೇ. ‘ಮೋಸ ಕೆಟ್ಟವರ ಗುಣ, ಸತ್ಯ ಒಳ್ಳೆಯವರದು’ ಎಂಬ ಸರಳ ವಾದ ಇಲ್ಲಿಗೆ ಬಂದು ಮುರಿಯುತ್ತದೆ. ಮುರಿಯಲಿ. ಅದನ್ನು ಅಡಗಿಸಿಡಬೇಡಿ.

ಹಂತ 4: ಅಂಕದಿಂದ ಅಂಕಕ್ಕೆ ಏನು ಬದಲಾಗುತ್ತದೆ ಎಂದು ಗುರುತಿಸಿ

ಬಗೆ ಬೇರೆಮಾಡಿದ ಮೇಲೆ ಒಂದು ಅಡ್ಡಗೆರೆ ಎಳೆದು ಐದು ಅಂಕಗಳನ್ನು ಗುರುತು ಹಾಕಿ. ಗಂಡನಿಗೆ ಒಂದು ಬಣ್ಣ, ಹೆಂಡತಿಗೆ ಇನ್ನೊಂದು. ಯಾವ ಅಂಕದಲ್ಲಿ ಯಾರ ಮುಖವಾಡ ಗಟ್ಟಿಯಾಗಿದೆ ಎಂದು ಬರೆಯುತ್ತಾ ಹೋಗಿ.

ಮೊದಲ ಅಂಕದಲ್ಲಿ ಮ್ಯಾಕ್‌ಬೆತ್‌ನ ಮುಖ ತೆರೆದ ಪುಸ್ತಕ. ಹಾಗೆಂದು ಹೆಂಡತಿಯೇ ಹೇಳುತ್ತಾಳೆ. 2.3ರಲ್ಲಿ ಅವನು ಪಳಗಿದ್ದಾನೆ, ಆದರೂ ಒಂದು ಕಡೆ ತೊದಲುತ್ತಾನೆ. ದೊರೆ ಇಂದು ಹೊರಡುತ್ತಾರೆಯೆ ಎಂದು ಸಾಮಂತ ಲೆನಾಕ್ಸ್ ಕೇಳಿದರೆ, ‘ಹೊರಡುತ್ತಾರೆ’ ಎಂದವನು ತಕ್ಷಣ ‘ಹಾಗೆಂದು ಗೊತ್ತುಮಾಡಿದ್ದರು’ ಎಂದು ಭೂತಕಾಲಕ್ಕೆ ಜಾರುತ್ತಾನೆ. ಈ ಅರ್ಧ ಸಾಲನ್ನು ಹಿಡಿದವರ ಉತ್ತರ ಉಳಿದವುಗಳಿಂದ ಬೇರೆಯಾಗಿ ನಿಲ್ಲುತ್ತದೆ. 3.4ರ ಔತಣದಲ್ಲಿ ಮುಖವಾಡ ಎಲ್ಲರೆದುರು ಕಳಚುತ್ತದೆ. ಯಜಮಾನರಿಗೆ ಎಳವೆಯಿಂದಲೂ ಹೀಗಾಗುತ್ತದೆ ಎಂದು ಹೆಂಡತಿ ತೇಪೆ ಹಾಕಬೇಕಾಗುತ್ತದೆ. 5.1ಕ್ಕೆ ಬರುವಷ್ಟರಲ್ಲಿ ಮುಖವಾಡ ಕಲಿಸಿಕೊಟ್ಟವಳೇ ನಿದ್ದೆಯಲ್ಲಿ ಎಲ್ಲವನ್ನೂ ಬಾಯಿಬಿಡುತ್ತಿದ್ದಾಳೆ. ಸ್ವಲ್ಪ ನೀರು ಸಾಕು, ಈ ಕೃತ್ಯ ತೊಳೆದುಹೋಗುತ್ತದೆ ಎಂದು 2.2ರಲ್ಲಿ ಅಂದವಳು ಇಲ್ಲಿ ಇಲ್ಲದ ಕಲೆಯನ್ನು ಉಜ್ಜುತ್ತಾಳೆ. ಕಣ್ಣು ತೆರೆದಿದೆಯಲ್ಲ ಎಂದು ವೈದ್ಯ ಕೇಳಿದರೆ, ಅದರೊಳಗಿನ ಅರಿವು ಮುಚ್ಚಿದೆ ಎಂದು ಪರಿಚಾರಿಕೆ ಉತ್ತರಿಸುತ್ತಾಳೆ. ಐದನೇ ಅಂಕದ ಕೊನೆಯಲ್ಲಿ, ಬೇರೆಯವರಿಗೆ ಬಲೆ ಬೀಸಿದವನು ತಾನೇ ಒಂದು ಬಲೆಯಲ್ಲಿದ್ದಾನೆ.

ಎಚ್ಚರಿಕೆಯ ಗುರುತು: ಗೆರೆಯ ಮೇಲೆ ಗಂಡ ಹೆಂಡತಿ ಇಬ್ಬರೂ ಒಂದೇ ದಿಕ್ಕಿನಲ್ಲಿ ಸಾಗಿದ್ದರೆ ಎಲ್ಲೋ ತಪ್ಪಿದೆ. ಅವರು ಮೂರನೇ ಅಂಕದಲ್ಲೇ ಬೇರೆಬೇರೆಯಾಗುತ್ತಾರೆ. ಬ್ಯಾಂಕೋನ ಕೊಲೆಯ ಸಂಚನ್ನು ಅವನು ಹೆಂಡತಿಯಿಂದಲೂ ಮುಚ್ಚಿಡುತ್ತಾನೆ.

ಹಂತ 5: ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಈಗ ಮಾತ್ರ ವಾದಕ್ಕೆ ಕೈಹಾಕಿ. ‘ಈ ನಾಟಕದಲ್ಲಿ ತೋರಿಕೆ ಮತ್ತು ವಾಸ್ತವ ಮುಖ್ಯ ವಸ್ತುಗಳು’ ಎಂಬುದು ವಾದವಲ್ಲ. ಪ್ರಶ್ನೆಯನ್ನೇ ತಿರುಗಿಸಿ ಹೇಳಿದ್ದು. ಯಾರಾದರೂ ‘ಇಲ್ಲ’ ಎನ್ನಲು ಸಾಧ್ಯವಿದ್ದರೆ ಮಾತ್ರ ಅದು ವಾದ.

ಒಂದು ಮಾದರಿ: ‘ಮ್ಯಾಕ್‌ಬೆತ್‌ನನ್ನು ಕೆಡವುವುದು ಸುಳ್ಳಲ್ಲ, ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡ ಸತ್ಯ, ಬೇರೆಯವರ ಕಣ್ಣಿಗೆ ಮಣ್ಣೆರಚುವ ಕಲೆ ಕಲಿತಷ್ಟೂ ಅವನು ತನ್ನ ಕಿವಿಯನ್ನು ಕಳೆದುಕೊಳ್ಳುತ್ತಾನೆ.’ ಇದನ್ನು ಒಪ್ಪದವರು ಇರಬಹುದು, ಪಠ್ಯದಿಂದ ಸಾಧಿಸಲೂಬಹುದು. ಇದನ್ನೇ ನಕಲು ಮಾಡಬೇಡಿ. ನಿಮ್ಮ ಪಟ್ಟಿಯಲ್ಲಿ ಯಾವ ಬಗೆ ಹೆಚ್ಚು ಸಲ ಬಂದಿದೆಯೋ ಅದರಿಂದ ನಿಮ್ಮ ವಾಕ್ಯ ಹುಟ್ಟಲಿ.

ಹಂತ 6: ಉಲ್ಲೇಖಗಳನ್ನು ಆರಿಸಿ

ಐದಾರು ಸಾಕು. ಪ್ರತಿಯೊಂದೂ ಒಂದೂವರೆ ಸಾಲು ಮೀರದಿರಲಿ. ಪ್ರತಿ ಉಲ್ಲೇಖದ ಜತೆ ಯಾರು, ಯಾರಿಗೆ, ಯಾವುದಕ್ಕೆ ಮುಂಚೆ ಅಥವಾ ಆಮೇಲೆ ಹೇಳಿದ್ದು ಎಂಬುದು ಬರಲೇಬೇಕು.

ಅನುವಾದದಲ್ಲಿ ಓದುವವರಿಗೆ ಒಂದು ಕಿವಿಮಾತು. 2.2ರಲ್ಲಿ ಕಾವಲುಗಾರರ ಮುಖಕ್ಕೆ ರಕ್ತ ಬಳಿಯುವ ಮಾತಿನಲ್ಲಿ ಲೇಡಿ ಮ್ಯಾಕ್‌ಬೆತ್ ಚಿನ್ನದ ಲೇಪ ಎಂಬ ಅರ್ಥದ ‘ಗಿಲ್ಡ್’ ಪದವನ್ನೂ, ತಪ್ಪಿತಸ್ಥತನ ಎಂಬ ಅರ್ಥದ ‘ಗಿಲ್ಟ್’ ಪದವನ್ನೂ ಬೆನ್ನುಬೆನ್ನಿಗೆ ಬಳಸುತ್ತಾಳೆ. ಅಪರಾಧವೇ ಹೊರಮೈಗೆ ಬಳಿಯುವ ಬಣ್ಣವಾಗುತ್ತದೆ, ಒಂದೇ ಉಚ್ಚಾರಣೆಯ ಅಂಚಿನಲ್ಲಿ. ಕನ್ನಡದಲ್ಲಿ ಈ ಶ್ಲೇಷೆ ಉಳಿಯುವುದು ಕಷ್ಟ. ಇಂಥ ಕಡೆ ಮೂಲದ ಪದವನ್ನೇ ಇಟ್ಟು ಎರಡು ಸಾಲು ವಿವರಿಸಿ.

ಇತಿಹಾಸದ ಹಿನ್ನೆಲೆ ಎರಡು ವಾಕ್ಯ ಮೀರದಿರಲಿ. 2.3ರ ದ್ವಾರಪಾಲಕ ಇಬ್ಬಗೆಯ ಮಾತಾಡುವವನೊಬ್ಬನನ್ನು ನರಕದ ಬಾಗಿಲಲ್ಲಿ ಬರಮಾಡಿಕೊಳ್ಳುವಾಗ, 1605ರ ಗನ್‌ಪೌಡರ್ ಸಂಚು (ದೊರೆಯನ್ನೂ ಸಂಸತ್ತನ್ನೂ ಸಿಡಿಮದ್ದಿನಿಂದ ಉಡಾಯಿಸುವ ಯತ್ನ) ಮತ್ತು 1606ರಲ್ಲಿ ನಡೆದ, ಇಬ್ಬಗೆಯ ಮಾತನ್ನು ಸಮರ್ಥಿಸಿಕೊಂಡ ಪಾದ್ರಿ ಹೆನ್ರಿ ಗಾರ್ನೆಟ್‌ನ ವಿಚಾರಣೆ ಆ ಕಾಲದವರ ನೆನಪಿಗೆ ಬಂದಿರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಇಷ್ಟು ಹೇಳಿ ದೃಶ್ಯಕ್ಕೆ ಮರಳಿ.

ಹಂತ 7: ಪ್ಯಾರಾ ಕಟ್ಟಿ

ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ:

‘ಡಂಕನ್ ಸತ್ತ ಮೇಲೆ ಮ್ಯಾಕ್‌ಬೆತ್ ದುಃಖ ನಟಿಸುತ್ತಾನೆ. ಒಂದು ಗಂಟೆ ಮುಂಚೆ ಸತ್ತಿದ್ದರೆ ಧನ್ಯನಾಗುತ್ತಿದ್ದೆ ಎನ್ನುತ್ತಾನೆ. ಇದು ಸುಳ್ಳು. ಲೇಡಿ ಮ್ಯಾಕ್‌ಬೆತ್ ಮೂರ್ಛೆ ಬಿದ್ದಂತೆ ನಟಿಸುತ್ತಾಳೆ. ಹೀಗೆ ಇಬ್ಬರೂ ಎಲ್ಲರನ್ನೂ ಮೋಸಗೊಳಿಸುತ್ತಾರೆ.’

ಮೂರು ಕಡೆ ಎಡವಿದ್ದಾರೆ. ಆ ಮಾತು ಸುಳ್ಳು ಎಂದು ಪರೀಕ್ಷಿಸದೆ ತೀರ್ಪು ಕೊಟ್ಟಿದ್ದಾರೆ. ಮೂರ್ಛೆ ನಟನೆ ಎಂದು ಪಠ್ಯ ಎಲ್ಲೂ ಹೇಳಿಲ್ಲ. ಫೋಲಿಯೊದಲ್ಲಿ ಮೂರ್ಛೆಯ ಸೂಚನೆಯೇ ಇಲ್ಲ, ‘ನನ್ನನ್ನು ಇಲ್ಲಿಂದ ಕರೆದೊಯ್ಯಿರಿ’ ಎಂಬ ಕೂಗು ಮಾತ್ರ ಇದೆ. ಇನ್ನು ‘ಎಲ್ಲರನ್ನೂ’ ಎಂಬುದು ತಪ್ಪು. ಡಂಕನ್‌ನ ಮಕ್ಕಳು ನಂಬುವುದಿಲ್ಲ. ಜನರ ನಗುವಿನಲ್ಲಿ ಕಠಾರಿಗಳಿವೆ ಎಂದು ಡೊನಾಲ್‌ಬೇನ್ ಹೇಳಿದ ಮೇಲೆ ಇಬ್ಬರೂ ಓಡಿಹೋಗುತ್ತಾರೆ.

ತಿದ್ದಿದ ರೂಪ:

‘ಒಂದು ಗಂಟೆ ಮುಂಚೆ ಸತ್ತಿದ್ದರೆ ಧನ್ಯನಾಗುತ್ತಿದ್ದೆ, ಇನ್ನು ಬದುಕಿನಲ್ಲಿ ಬೆಲೆಯುಳ್ಳದ್ದೇನೂ ಉಳಿದಿಲ್ಲ ಎಂದು ಮ್ಯಾಕ್‌ಬೆತ್ 2.3ರಲ್ಲಿ ಎಲ್ಲರೆದುರು ಹೇಳುತ್ತಾನೆ. ಕೇಳುವವರಿಗೆ ಇದು ನಿಷ್ಠನ ಶೋಕ. ಅವನಿಗೆ ಇದು ಕೊಲೆ ಮುಚ್ಚುವ ಮಾತು. ಆದರೆ ಕೊಲೆಯಾದ ಕೂಡಲೇ ‘ಆಮೆನ್’ ಎನ್ನಲಾರದೆ ಒದ್ದಾಡಿದವನನ್ನು ಹಿಂದಿನ ದೃಶ್ಯದಲ್ಲಿ ಕಂಡ ಪ್ರೇಕ್ಷಕರಿಗೆ, ಅಕ್ಷರಶಃ ನಿಜವಾದ ಮಾತು. ಸುಳ್ಳಾಡಲು ಹೊರಟವನ ಬಾಯಲ್ಲಿ ಸತ್ಯ ಬರುತ್ತಿದೆ, ಅದು ಅವನಿಗೇ ಕೇಳಿಸುತ್ತಿಲ್ಲ.’

ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ಮೂರು ಜೊತೆ ಕಿವಿಗಳಿವೆ, ಮೂರಕ್ಕೂ ಒಂದೇ ಮಾತು ಮೂರು ಬಗೆಯಾಗಿ ಕೇಳಿಸುತ್ತದೆ. ಹಂತ 2ರ ಪಟ್ಟಿ ಇಲ್ಲಿ ಕೆಲಸಕ್ಕೆ ಬಂತು. ಮೂರ್ಛೆಯ ವಿಷಯ ಬೇಕೆಂದರೆ ಎರಡು ಸಾಧ್ಯತೆಯನ್ನೂ ಬರೆದು, ನಿಮ್ಮ ವಾದಕ್ಕೆ ಯಾವುದು ಏಕೆ ಹೊಂದುತ್ತದೆ ಎಂದು ಹೇಳಿ. ಗಂಡ ಕಾವಲುಗಾರರನ್ನು ಕೊಂದ ಸುದ್ದಿ ಅವಳು ಕೇಳುವುದು ಆಗಲೇ. ಆ ಕೊಲೆಗಳು ಅವರ ಯೋಜನೆಯಲ್ಲಿ ಇರಲಿಲ್ಲ. ಹಾಗಾಗಿ ಆಘಾತ ನಿಜವಿರಲೂಬಹುದು ಎಂಬುದು ನನ್ನ ಓದು.

ಹಂತ 8: ಕೊನೆಯ ಪ್ಯಾರಾ ಮತ್ತು ಮರುಪರಿಶೀಲನೆ

ಕೊನೆಯ ಪ್ಯಾರಾದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಬೇಡಿ, ಗಾದೆಯನ್ನೂ ಹಾಕಬೇಡಿ. ಇನ್ನೂ ಬಳಸದ ಒಂದು ದೃಶ್ಯದ ಮೇಲೆ ನಿಲ್ಲಿಸಿ. 5.6 ಇದಕ್ಕೆ ಹೇಳಿಮಾಡಿಸಿದ್ದು, ಹತ್ತೇ ಸಾಲು. ಎಲೆಯ ಪರದೆ ಕೆಳಗೆ ಹಾಕಿ, ನೀವು ಯಾರೋ ಹಾಗೆಯೇ ಕಾಣಿಸಿಕೊಳ್ಳಿ ಎಂದು ಮಾಲ್ಕಮ್ ಸೈನ್ಯಕ್ಕೆ ಹೇಳುತ್ತಾನೆ. ಮರೆ ಹಿಡಿದವರು ತಾವಾಗಿ ಮರೆಯನ್ನು ಬಿಸುಡುವ ಕ್ಷಣ ಅದು. ಅದು ನಿಮ್ಮ ವಾದಕ್ಕೆ ಒದಗುತ್ತದೆಯೋ ಎದುರಾಗುತ್ತದೆಯೋ ಎಂದು ಎರಡು ವಾಕ್ಯದಲ್ಲಿ ಬರೆದರೆ ಪ್ರಬಂಧ ಮುಗಿಯಿತು.

ಆಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದು ಓದಿ. ಅವು ‘ಆಮೇಲೆ ಮ್ಯಾಕ್‌ಬೆತ್…’, ‘ನಂತರ ಲೇಡಿ ಮ್ಯಾಕ್‌ಬೆತ್…’ ಎಂದು ಸಾಗಿದ್ದರೆ ನೀವು ಬರೆದಿರುವುದು ಕಥೆ. ಹಂತ 5ಕ್ಕೆ ಹಿಂದಿರುಗಿ. ‘ಎಲ್ಲರೂ’, ‘ಯಾವಾಗಲೂ’, ‘ಸಂಪೂರ್ಣವಾಗಿ’ ಎಂಬ ಪದಗಳನ್ನು ಹುಡುಕಿ, ಪ್ರತಿಯೊಂದರ ಎದುರೂ ಅದಕ್ಕೆ ಹೊರತಾದ ಪಾತ್ರ ಯಾವುದು ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕ ಕಡೆ ಆ ಪದ ತೆಗೆದು ಆ ಪಾತ್ರದ ಹೆಸರು ಬರೆಯಿರಿ.